ಠಾಣೆ ಬಂದರೆ ಸೀಟು ಬಿಡಬೇಕು

ದೀಪಾವಳಿ ಹತ್ತಿರ ಬಂತೆಂದು ಮೊನ್ನೆ ಅಟ್ಟ ಗುಡಿಸುತ್ತಿದ್ದೆ. ಹಳೆಯ ಬಟ್ಟೆಯ ಟೋಪಿಯೊಂದು ತಲೆಯ ಮೇಲೆ ಬಿತ್ತು. ಕೊಡವಿದರೆ ಹೊಲಿಗೆಯ ಸಂದಿಯಿಂದ ಕೆಂಪು ಮಣ್ಣು ಉದುರಿತು. ನಮ್ಮ ಡೊಂಬಿವಲಿಯ ಧೂಳು ನಿಮಗೆ ಗೊತ್ತೇ ಇದೆ, ಅರ್ಧ ಸಿಮೆಂಟು, ಅರ್ಧ ಹೊಗೆ. ಇದು ಆ ಜಾತಿಯದಲ್ಲ. ಇದು ಕೀನ್ಯಾದ ತ್ಸಾವೋ ಅಭಯಾರಣ್ಯದ್ದು. ಪೊರಕೆ ಬದಿಗಿಟ್ಟು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಆಫ್ರಿಕಾಕ್ಕೆ ಹೋಗಿ ಬಂದವಳೆಂದು ನನ್ನನ್ನು ಭಾರೀ ಗಟ್ಟಿಗಿತ್ತಿ ಅಂದುಕೊಳ್ಳಬೇಡಿ. ಜಿರಲೆ ಕಂಡರೆ ಇದೇ ಸ್ಟೂಲು ಹತ್ತುವವಳು ನಾನು. ಹೊರಡಿಸಿದ್ದು ಮೇಲಿನ ಮಹಡಿಯ ವಿಮಲಕ್ಕ. ಸವಣೂರಿನ ಕಡೆಯವರು. ಅವರು, ಮಂಗಳೂರಿನ ನಳಿನಿ ಮತ್ತು ಮೈಸೂರಿನ ನಾನು ದಿನವೂ ಒಂದೇ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಆಫೀಸಿಗೆ ಹೋಗುತ್ತಿದ್ದೆವು. ಆ ಡಬ್ಬಿಗೊಂದು ಕಾನೂನಿದೆ, ಯಾರೂ ಬರೆದಿಟ್ಟದ್ದಲ್ಲ. ಡೊಂಬಿವಲಿಯಲ್ಲಿ ಸೀಟು ಸಿಕ್ಕವರು ದಿವಾ, ಮುಂಬ್ರಾ ದಾಟುವ ತನಕ ಮಹಾರಾಣಿಯರು. ಠಾಣೆ ಸ್ಟೇಷನ್ನು ಬಂತೋ, ಕೂತವರು ಎದ್ದು, ನಿಂತವರಿಗೆ ಜಾಗ ಬಿಡಬೇಕು. ಬಿಡದವಳ ಕಥೆ ಅಂದಿಗೆ ಮುಗಿಯಿತು. ಮರುದಿನ ಅವಳ ತಿಂಡಿ ಡಬ್ಬಿಯ ಚಕ್ಕುಲಿ ಕೂಡ ಯಾರೂ ಮುಟ್ಟುವುದಿಲ್ಲ.

ವಿಮಲಕ್ಕ ಒಮ್ಮೆ ಟಿವಿಯಲ್ಲಿ ಕೆಂಪು ಆನೆ ನೋಡಿದ್ದರು. ಅವರ ಯಜಮಾನರು, "ಆನಿ ಎಲ್ಲರೆ ಕೆಂಪಿರತಾವೇನ? ಟಿವಿ ಕೆಟ್ಟೈತಿ" ಎಂದು ರಿಪೇರಿಯವನನ್ನೇ ಕರೆಸಿಬಿಟ್ಟರಂತೆ. ವರ್ಷಗಟ್ಟಲೆ ಆ ಮನೆಯಲ್ಲಿ ಅದೇ ಜಗಳ. ಆಮೇಲೆ ಠಾಣೆಯ ಕಣ್ಣಿನ ಡಾಕ್ಟರು ವಿಮಲಕ್ಕನಿಗೆ, ಕಣ್ಣಿನ ಪರದೆ ಅಂಚಿನಿಂದ ಒಣಗುತ್ತಿದೆ, ಔಷಧವಿಲ್ಲ, ನೋಡಬೇಕಾದದ್ದನ್ನು ಈಗಲೇ ನೋಡಿಬಿಡಿ ಎಂದರು. ಮರುದಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ನಮಗೆ ಹೇಳಿದರು: "ಕಣ್ಣು ಹೋಗೂದ್ರೊಳಗ ಆ ಆನಿ ಕೆಂಪೋ ಅಲ್ಲೋ ನೋಡಬೇಕು. ನೀವಿಬ್ಬರೂ ಬರ್ರಿ. ಪಾಪ ಅನ್ನೂದಿದ್ದರ ಮಾತ್ರ ಬರಬ್ಯಾಡ್ರಿ." ನನಗೆ ಅಳು ಬಂದಿತ್ತು. ಅಷ್ಟರಲ್ಲಿ ಗಾಡಿ ಬಂತು, ನುಗ್ಗುವ ಗಡಿಬಿಡಿಯಲ್ಲಿ ಅಳಲು ಆಗಲಿಲ್ಲ.

ತ್ಸಾವೋದಲ್ಲಿ ನಮ್ಮ ಮೂವರಿಗೆ ಒಂದು ವ್ಯಾನು. ಅದು ನಿಲ್ಲುವ ಮೊದಲೇ ನಳಿನಿ ಓಡಿಹೋಗಿ ಮುಂದಿನ ಕಿಟಕಿಯೊಳಕ್ಕೆ ದುಪಟ್ಟಾ ಎಸೆದಳು. ಚಾಲಕ ಜೋಸೆಫ್ ಬೆಚ್ಚಿಬಿದ್ದ.

"ಇಲ್ಲಿರೋದೇ ಮೂರು ಜನ ಕಣೇ!" ಎಂದೆ.

"ಅಭ್ಯಾಸ ಮಾರಾಯ್ತಿ! ಕೈ ಕೇಳ್ಬೇಕಲ್ಲ!"

ಕೊನೆಗೆ ನಮ್ಮ ಕಾನೂನನ್ನೇ ಅಲ್ಲೂ ಜಾರಿಗೆ ತಂದೆವು. ಮುಂದಿನ ಕಿಟಕಿಯವಳು ಅರ್ಧ ದಾರಿಗೆ ಎದ್ದು, ಹಿಂದೆ ಬ್ಯಾಗುಗಳ ನಡುವೆ ಧೂಳು ಕುಡಿಯುತ್ತಿರುವವಳಿಗೆ ಜಾಗ ಬಿಡಬೇಕು. "ಠಾಣೆ!" ಎಂದು ಕೂಗಿದಾಗಲೆಲ್ಲ ಯಾವುದೋ ಪ್ರಾಣಿ ಕಂಡಿತೆಂದು ಜೋಸೆಫ್ ಬ್ರೇಕು ಒತ್ತಿ ದುರ್ಬೀನು ಎತ್ತುತ್ತಿದ್ದ, ಪಾಪ.

ಎಂಥ ಬಯಲು ಅಂತೀರಿ! ಕಣ್ಣು ಹರಿದಷ್ಟೂ ಕೆಂಪು ನೆಲ, ಎಲೆಯಿಲ್ಲದ ಮುಳ್ಳುಕಂಟಿ, ದೂರದಲ್ಲಿ ಅಡ್ಡಗೆರೆ ಎಳೆದ ಹಾಗೆ ಯಟ್ಟಾ ಎಂಬ ಉದ್ದನೆಯ ಗುಡ್ಡ. ಗಲಾನಾ ನದಿಯ ಬಂಡೆಗಳ ಮೇಲೆ ಮೊಸಳೆಗಳು ಭಾನುವಾರ ಆಚರಿಸುತ್ತಿದ್ದವು. ಹಿಂಗಾಲ ಮೇಲೆ ನಿಂತು ಕತ್ತು ಚಾಚಿ ಚಿಗುರು ಎಟುಕಿಸಿಕೊಳ್ಳುವ ಗೆರೆನುಕ್ ಎಂಬ ಜಿಂಕೆಯನ್ನು ಕಂಡು ನಾನೂ ವಿಮಲಕ್ಕನೂ ಒಟ್ಟಿಗೇ ನಳಿನಿಯ ಕಡೆ ನೋಡಿದೆವು. ಲೋಕಲ್ಲಿನಲ್ಲಿ ಹಿಡಿಕೆಗೆ ಅವಳೂ ಹೀಗೇ ಜೋತುಬೀಳುವುದು. ಬೊಡ್ಡೆ ಊದಿದ ಬಾವೊಬಾಬ್ ಮರ ಕಂಡಾಗಲಂತೂ ವಿಮಲಕ್ಕ ಚಪ್ಪಾಳೆ ತಟ್ಟಿದರು: "ಅಯ್ಯ, ಇದು ನಮ್ಮ ಸವಣೂರಿನ ದೊಡ್ಡಹುಣಸಿ! ಇಷ್ಟು ದೂರ ರೊಕ್ಕಾ ಸುರಿದು ಬಂದು ತವರಿನ ಗಿಡ ನೋಡಿದಂಗಾತು!"

ಎಲ್ಲ ಸಿಕ್ಕಿತು, ಆನೆ ಮಾತ್ರ ಇಲ್ಲ. ಹತ್ತಿರ ಎಲ್ಲೂ ಇಲ್ಲ. ದೂರದಲ್ಲಿ ಏನೋ ಅಲ್ಲಾಡಿದರೆ ನಮಗೆ ಕಾಣುತ್ತಿತ್ತು, ವಿಮಲಕ್ಕನಿಗೆ ಕಾಣುತ್ತಿರಲಿಲ್ಲ. ಕೊನೆಯ ದಿನ ಅವರು ಮುಂದಿನ ಕಿಟಕಿಯಲ್ಲಿದ್ದಾಗ ನಾನೂ ನಳಿನಿಯೂ ಕಣ್ಣಲ್ಲೇ ಮಾತಾಡಿಕೊಂಡು ಠಾಣೆ ಕೂಗಲೇ ಇಲ್ಲ. ಅರ್ಧ ದಾರಿ ಹೋಯಿತು, ಮುಕ್ಕಾಲೂ ಹೋಯಿತು.

"ಯಾಕ್ರವಾ, ಇವತ್ತು ಠಾಣೆ ಬರಂಗಿಲ್ಲೇನು?" ಎಂದರು ವಿಮಲಕ್ಕ.

"ಕೂತ್ಕೊಳ್ಳಿ ಅಕ್ಕ, ನಂಗೆ ತಲೆ ಸುತ್ತುತ್ತೆ ಅಲ್ಲಿ" ಎಂದೆ.

"ನಂಗೆ ಬಿಸಿಲು ಆಗುದಿಲ್ಲ" ಎಂದಳು ನಳಿನಿ.

"ಪಾಪ ಅನ್ನಬ್ಯಾಡ್ರಿ ಅಂದಿದ್ದೆ" ಎಂದವರೇ ಎದ್ದರು. ಸೀಟುಗಳನ್ನು ಹಿಡಿದು ತಡವರಿಸುತ್ತ ಹಿಂದೆ ಹೋಗಿ ಬ್ಯಾಗುಗಳ ನಡುವೆ ಕುಳಿತರು. ನಮಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಳಿನಿ ಮುಂದೆ ಹೋಗಿ ಕುಳಿತಳು.

ಆನೆಗಳು ಬಂದದ್ದು ಹಿಂದಿನಿಂದ. ಪೊದೆಗಳ ಮರೆಯಿಂದ ಸದ್ದಿಲ್ಲದೆ ಹೊರಟು, ವಿಮಲಕ್ಕನ ಕಿಟಕಿಗೆ ಮೈ ಸವರುವಷ್ಟು ಹತ್ತಿರ. ಚರ್ಮದ ಸುಕ್ಕು, ರೆಪ್ಪೆಯ ಕೂದಲು, ಎಲ್ಲ ಕೆಂಪು. ಒಂದು ತಾಯಾನೆ ಸೊಂಡಿಲ ತುಂಬ ಮಣ್ಣು ಹೀರಿ ಬೆನ್ನ ಮೇಲೆ ಸುರಿದುಕೊಂಡಿತು. ಅರ್ಧ ನಮ್ಮ ಮೇಲೂ, ನನ್ನ ಟೋಪಿಯ ಮೇಲೂ ಬಿತ್ತು.

"ಖರೇನ ಕೆಂಪು!" ವಿಮಲಕ್ಕ ಕಿಟಕಿಗೆ ಮುಖ ಒತ್ತಿದರು. "ಮಣ್ಣು ಹಚ್ಚಿಕೊಂಡಾವ ನೋಡ್ರಿ! ಟಿವಿ ಕೆಟ್ಟಿಲ್ಲ! ಟಿವಿ ಕೆಟ್ಟಿಲ್ಲ!"

ನೋಡಿದರು, ಮನದಣಿಯೆ ನೋಡಿದರು. ಆನೆಗಳು ಇನ್ನೂ ಅಲ್ಲೇ ಇದ್ದವು. ಆಗ ವಿಮಲಕ್ಕ ಎದ್ದು ನಿಂತು, "ಠಾಣೆ ಬಂತು. ನಳಿನಿ, ಬಾ, ಕೂಡು" ಎಂದರು.

"ಬೇಡ ವಿಮಲಕ್ಕ, ನೀವೇ ಕೂತುಕೊಳ್ಳಿ" ಎಂದು ನಳಿನಿ ಗೊಳೋ ಎಂದು ಅತ್ತಳು.

"ನಂದು ತುಂಬ್ತು. ಸರದಿ ಅಂದ್ರ ಸರದಿ." ಮೊದಲು ಅವಳನ್ನು ಕೂರಿಸಿದರು, ಆಮೇಲೆ ನನ್ನನ್ನು.

ಇಷ್ಟೆಲ್ಲ ನೆನೆದು ಸ್ಟೂಲಿನಿಂದ ಎದ್ದು, ಟೋಪಿ ಹಿಡಿದುಕೊಂಡು ಮೇಲಿನ ಮಹಡಿ ಹತ್ತಿದೆ. ಈಗ ವಿಮಲಕ್ಕ ನನ್ನನ್ನು ಗುರುತಿಸುವುದು ಚಪ್ಪಲಿ ಸದ್ದಿನಿಂದ. ಒಳಗೆ ಟಿವಿ ನಡೆದಿತ್ತು, ಯಜಮಾನರು ಪಕ್ಕದಲ್ಲಿ ಕುಳಿತು, "ಈಕಿ ಹಸರು ಸೀರಿ ಉಟ್ಟಾಳ, ಕುಪ್ಪಸ ಹಳದಿ" ಎಂದು ಒಂದೊಂದೇ ಬಣ್ಣ ಹೇಳುತ್ತಿದ್ದರು. ಬಣ್ಣದ ವಿಷಯಕ್ಕೆ ಆ ಮನೆಯಲ್ಲಿ ಈಗ ಜಗಳವಿಲ್ಲ.

ಟೋಪಿಯನ್ನು ಕೈಗಿಟ್ಟೆ. ವಿಮಲಕ್ಕ ಹೊಲಿಗೆಯೊಳಗೆ ಬೆರಳಾಡಿಸಿದರು, ಮಣ್ಣು ತಿಕ್ಕಿದರು, ಮೂಸಿದರು.

"ಇನ್ನೂ ಕೆಂಪೈತೇನು?"

"ಹಾಗೇ ಇದೆ ಅಕ್ಕ."

ಬಹಳ ಹೊತ್ತು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಆಮೇಲೆ ನಾನಿದ್ದ ದಿಕ್ಕಿಗೆ ಚಾಚಿದರು. "ತಗೋವಾ. ಠಾಣೆ ಬಂತು."

ಅಷ್ಟು ವರ್ಷಗಳಲ್ಲಿ ಎರಡನೆಯ ಸಲ ನಾನು ಕಾನೂನು ಮುರಿದೆ. ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, "ಇಲ್ಲ ವಿಮಲಕ್ಕ, ಗಾಡಿ ಇನ್ನೂ ದಿವಾದಲ್ಲೇ ನಿಂತಿದೆ" ಎಂದೆ.