ಜನಸುನಾವಣಿಗೆ ಕುಂಕುಮದ ಕರೆ

ಹುಬ್ಬಳ್ಳಿಯ ರೈಲು ಬೆಳಿಗ್ಗೆ ಪುಣೆ ಮುಟ್ಟಿತು. ಅಲ್ಲಿಂದ ಚಿಂಚವಾಡಕ್ಕೆ ಲೋಕಲ್ ಹಿಡಿದೆ. ಟಿಕೆಟ್ಟು ಇಂದಿಗೂ ಒಂದು ಚಹಾದ ಬೆಲೆಯಷ್ಟೇ. ಖಡಕಿ, ದಾಪೋಡಿ, ಕಾಸರವಾಡಿ ಎಂದು ನಿಲ್ದಾಣದ ಹೆಸರುಗಳು ತಾವಾಗಿಯೇ ಬಾಯಿಗೆ ಬಂದವು. ಅಪ್ಪ ಇಲ್ಲಿ ಫಿಟರ್ ಆಗಿದ್ದ ಕಾಲದಲ್ಲಿ ನಾವು ಕಾರ್ಮಿಕರ ಕಾಲನಿಯಲ್ಲಿದ್ದೆವು. ಈಗ ಕರೆಸಿಕೊಂಡವರು ಆಗಿನ ನಮ್ಮ ನೆರೆಮನೆಯ ಬೆಳಗಾವಿ ಕಾಕು.

ಕಾಕು ಮೊದಲು ನನ್ನನ್ನು ಮಾಳಿಗೆಗೆ ಕರೆದೊಯ್ದರು. ಬೇಸಿಗೆ ಬಂತೆಂದರೆ ಅಲ್ಲಿ ಇಡೀ ಕಾಲನಿಯ ಹಪ್ಪಳ, ಶಾವಿಗೆ ಒಣಗುತ್ತಿದ್ದವು. ಕಾಗೆ ಓಡಿಸುವ ನೆಪದಲ್ಲಿ ನಾವು ಹುಡುಗಿಯರು ಅರ್ಧ ಹಪ್ಪಳ ಹಸಿಯಾಗಿಯೇ ತಿಂದು ಮುಗಿಸುತ್ತಿದ್ದೆವು. ಎಷ್ಟು ಚೆಂದದ ದಿನಗಳು! ಈಗ ಮಾಳಿಗೆ ಬರಿದು. ಬೆರಳಿಂದ ಕಟ್ಟೆ ಸವರಿದರೆ ಕಪ್ಪು ಧೂಳು.

ಗೋಡೆಯಾಚೆಯ ಎರಕದ ಕಾರ್ಖಾನೆ ಇನ್ನೂ ದೊಡ್ಡದಾಗಬೇಕೆಂದಿತ್ತು. ಅದಕ್ಕೆ ಮೊದಲು ಸುತ್ತಲಿನ ಜನರ ಮಾತು ಕೇಳಬೇಕು, ಆಡಿದ್ದನ್ನು ಬರೆದುಕೊಂಡು ಅಲ್ಲೇ ಓದಿ ಹೇಳಬೇಕು ಎಂದು ಕಾನೂನಿದೆ. ಅದಕ್ಕೇ ಮರುದಿನ ಜನಸುನಾವಣಿ. ಹಿಂದೊಮ್ಮೆ ಹೀಗೇ ನಡೆದಾಗ ನಾಲ್ಕು ಗಂಡಸರು ಹೋಗಿ ಬಂದಿದ್ದರು. ಹೆಂಗಸರಿಗೆ ಯಾವ ತಕರಾರೂ ಇಲ್ಲವೆಂದು ದಾಖಲಾಗಿತ್ತು.

"ಸುಮ್ನ ಕರದ್ರ ಯಾರೂ ಬರಂಗಿಲ್ಲ. ಕುಂಕುಮ ಹಚ್ಚಿ ಕರದ್ರ ಇಲ್ಲನ್ನೂದಿಲ್ಲ," ಎಂದರು ಕಾಕು. "ಆದ್ರ ಕಾಕಾ ಹೋದಮ್ಯಾಲೆ ನಾ ಹೆಂಗ ಹಚ್ಚಲಿ? ನೀ ಹಚ್ಚು, ಮಾತು ನಾ ಆಡ್ತೀನಿ."

ಸಂಜೆ ಮನೆಮನೆ ತಿರುಗಿದೆವು. ಕಾಕುವಿನ ಮರಾಠಿ ಅವರ ಕನ್ನಡದಷ್ಟೇ ಜೋರು. ಕೊನೆಯ ಓಣಿಯ ಶಾಲನ್‌ಳ ಗಂಡ ತೀರಿಕೊಂಡು ವರ್ಷವಾಗಿರಲಿಲ್ಲ. ನನ್ನ ಕೈಯ ಕುಂಕುಮದ ಭರಣಿ ಕಂಡದ್ದೇ ಆಕೆ ಬಾಗಿಲ ಹಿಂದೆ ಸರಿದಳು. ಒಳಗೆ ಅವಳ ಮಗಳು ಕೆಮ್ಮುತ್ತಿದ್ದಳು.

ಕಾಕು ಭರಣಿ ಕಸಿದುಕೊಂಡು ಶಾಲನ್‌ಳ ಹಣೆಗೆ ತಾವೇ ಕುಂಕುಮವಿಟ್ಟರು. "ಧೂಳೇನು ನಿನ್ನ ಹಣಿ ನೋಡಿ ಒಳಗ ಬರ್ತದೇನ?" ಎಂದು ಮರಾಠಿಯಲ್ಲಿ ಗದರಿದರು. ಆಮೇಲೆ ನನ್ನತ್ತ ತಿರುಗಿ, "ನನಗೂ ಹಚ್ಚವಾ," ಎಂದರು. ನಾನು ಹಚ್ಚಿದೆ. ಕಣ್ಣು ತುಂಬಿ ಬಂದು ಕುಂಕುಮ ಸ್ವಲ್ಪ ಓರೆಯಾಯಿತು.

ಮರುದಿನ ಶಾಲೆಯ ಮೈದಾನದ ಪೆಂಡಾಲಿನಲ್ಲಿ ಹೆಂಗಸರೇ ಹೆಚ್ಚು. ಕಂಪನಿಯವರು ಪರದೆಯ ಮೇಲೆ ಹಸಿರು ಗಿಡಗಳನ್ನು ತೋರಿಸಿದರು. ಅಂಥ ಗಿಡ ಕಾಲನಿಯಲ್ಲಿ ಒಂದೂ ಇರಲಿಲ್ಲ. ಮೊದಲು ಎದ್ದವಳು ಶಾಲನ್. ಮಗಳ ಕೆಮ್ಮು, ಮುಚ್ಚಿದ ಕಿಟಕಿ ಎಲ್ಲವನ್ನೂ ಹೇಳಿದಳು. ಕಾಕುವಿನ ಸರದಿ ಬಂದಾಗ ನಾನು ಹೊರಗೆ ಅಳುವ ಮಗುವೊಂದನ್ನು ಎತ್ತಿಕೊಂಡು ತಿರುಗುತ್ತಿದ್ದೆ.

ಮಧ್ಯಾಹ್ನ ಕಂಪನಿಯವರು ಶಾಲೆಯ ಗೇಟಿನ ಬಳಿ ವಡಾಪಾವ್ ಹಂಚತೊಡಗಿದರು. ಎಲ್ಲರೂ ಎದ್ದರು. ಕಾಕು ದಾರಿಗೆ ಅಡ್ಡ ನಿಂತು, ಬರೆದುಕೊಂಡದ್ದನ್ನು ಓದಿ ಹೇಳುವ ತನಕ ಯಾರೂ ಹೋಗಕೂಡದೆಂದು ಎಲ್ಲರನ್ನೂ ಕೂಡಿಸಿದರು. ನನಗೂ ಹಸಿವಾಗಿತ್ತು, ಆದರೂ ಕೂತೆ.

ಅಧಿಕಾರಿ ತಕರಾರು ಹೇಳಿದವರ ಹೆಸರುಗಳನ್ನು ಒಂದೊಂದಾಗಿ ಓದಿದರು. ನಡುವೆ "ಚಂದ್ರಭಾಗಾ" ಎಂದರು. ಯಾರಪ್ಪಾ ಇದು ಎಂದು ನಾನು ಸುತ್ತ ನೋಡಿದೆ. ಪಕ್ಕದಲ್ಲಿ ಕಾಕು ಕೈ ಎತ್ತಿದ್ದರು. ಕಾಲನಿಗೆಲ್ಲ ಕಾಕುವಾಗಿದ್ದವರಿಗೆ ಹಾಗೊಂದು ಹೆಸರಿತ್ತೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಕಾರ್ಖಾನೆಯ ತೀರ್ಮಾನ ಇನ್ನೂ ಆಗಬೇಕಿತ್ತು. ಸಂಜೆ ಕಾಕು ಸ್ಟೇಷನ್ನಿಗೆ ಬಂದರು. ಲೋಕಲ್ ಹೊರಟಾಗ ಬಾಗಿಲಲ್ಲಿ ನಿಂತು, "ಬರ್ತೀನ್ರಿ, ಚಂದ್ರಭಾಗಾ ಕಾಕು!" ಎಂದು ಕೂಗಿದೆ. ಅವರು ನಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮತ್ತೆ ಸೆರಗು ಸರಿಸಿ, ಜನರೆಲ್ಲ ತಿರುಗಿ ನೋಡುವ ಹಾಗೆ ಕೂಗಿದರು: "ಇನ್ನೊಮ್ಮೆ ಅನ್ನು!"