ಪಡುವಣ ಕಡಲಿಗೆ ಒಂದು ಚೊಂಬು ನೀರು

ಮೊನ್ನೆ ಅಕ್ಕ ಒಂದು ಪೊಟ್ಟಣ ಒಣಗಿದ ಪುನರ್ಪುಳಿ ಸಿಪ್ಪೆ ಕಳಿಸಿದ್ದಳು. ಬಿಸಿನೀರಿಗೆ ಹಾಕಿದ್ದೇ ತಡ, ಅಡುಗೆಮನೆ ತುಂಬ ಆ ಹುಳಿ ವಾಸನೆ ಎದ್ದಿತು. ಸಕ್ಕರೆ ಹಾಕುವುದನ್ನೂ ಮರೆತು ನಿಂತುಬಿಟ್ಟೆ. ಗುಡ್ಡದ ಮೇಲಿನ ಆ ಹಳೇ ಊರು, ಕೆಳಗೆ ಕಡಲು, ಕಟ್ಟೆಯ ಮೇಲೆ ಕಾಲು ಚಾಚಿ ಕೂತ ಅವ್ವ... ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

ಅವ್ವ ಅಂದರೆ ನನ್ನ ತಾಯಿಯಲ್ಲ, ಮನೆಯ ಒಡತಿ. ತೊಂಬತ್ತರ ದಶಕದ ಮೊದಲಲ್ಲಿ ಪಾಂಡವಪುರದ ಶಾಲೆಯೊಂದಕ್ಕೆ ಸಮಾಜ ಪಾಠ ಹೇಳಲು ಸೇರಿದಾಗ, ಅವರ ಮನೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆ. ನಾನು ಏಳುವಷ್ಟರಲ್ಲಿ ಅವರು ನಾಲ್ಕು ಎಮ್ಮೆ ಕರೆದು, ಡೈರಿಗೆ ಹಾಲು ಹಾಕಿ ಬಂದಿರುತ್ತಿದ್ದರು. ನನಗೋ ತಪ್ಪು ಕಂಡರೆ ತಿದ್ದದೆ ಸಮಾಧಾನವಿಲ್ಲ. ಬಸ್ಸಿನ ಬೋರ್ಡಿನ ಕಾಗುಣಿತವನ್ನೂ ಬಿಟ್ಟವಳಲ್ಲ. ನಿನ್ನನ್ನು ಕಟ್ಟಿಕೊಳ್ಳುವವನ ಗತಿ ಏನೋ ಎಂದು ಅವ್ವ ನಗುತ್ತಿದ್ದರು.

ಅವರ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಆಸ್ಪತ್ರೆಯಲ್ಲಿ ಕೊನೆಯ ದಿನ ನೀರು ಕೇಳಿದ್ದರಂತೆ. ಬಾಯಿಗೆ ಏನೂ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ, ನಾಳೆ ಕೊಡುತ್ತೇನೆ ಅಂದುಬಿಟ್ಟಿದ್ದರು ಅವ್ವ. ಬೆಳಗಾಗುವಷ್ಟರಲ್ಲಿ ಅವರಿರಲಿಲ್ಲ. ಹೋಗುವವರ ಬಾಯಿಗೆ ನೀರು ಬಿಡುವುದು ನಮ್ಮ ಕಡೆ ಸಣ್ಣ ಮಾತಲ್ಲ. ಅದೊಂದು ಅವ್ವನ ಗಂಟಲಲ್ಲಿ ಮುಳ್ಳಾಗಿ ಉಳಿದಿತ್ತು.

ಬೇಸಿಗೆ ರಜೆಗೆ ನಾನು ಕರಾವಳಿಯಲ್ಲಿದ್ದ ಅಕ್ಕನ ಮನೆಗೆ ಹೊರಟಾಗ, ನಾನೂ ಬರುತ್ತೇನೆ ಅಂದರು ಅವ್ವ. ಎಮ್ಮೆ ಬಿಟ್ಟು ಒಂದು ದಿನ ಕದಲದವರು! ಎಮ್ಮೆಗಳನ್ನು ಮಗಳಿಗೆ ಒಪ್ಪಿಸಿ, ರಾಗಿ ಹಿಟ್ಟಿನ ಗಂಟು, ತಿರುಪಿನ ಮುಚ್ಚಳದ ಹಿತ್ತಾಳೆ ಚೊಂಬು ಹಿಡಿದು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಚೊಂಬನ್ನು ತೊಡೆಯಿಂದ ಇಳಿಸಲಿಲ್ಲ. ಕೇಳಿದರೆ, ಮನೆ ಬಾವಿಯ ನೀರು ಅಂದರು. ಹೊಸ ನೀರು ಒಗ್ಗುವುದಿಲ್ಲವೇನೋ ಎಂದು ಸುಮ್ಮನಾದೆ.

ಆ ಊರಿನಲ್ಲಿ ಕೆಂಪು ಕಲ್ಲಿನ ಮೆಟ್ಟಿಲುಗಳೇ ಬೀದಿ. ಹೆಂಚಿನ ಮನೆಗಳ ನಡುವೆ ತಿರುಗಿದಲ್ಲೆಲ್ಲ ಒಂದು ಚೂರು ಕಡಲು ಕಾಣುತ್ತಿತ್ತು. ಮಧ್ಯಾಹ್ನವಾದರೆ ಅಂಗಡಿಯವರೂ ಬಾಗಿಲು ಮುಂದಕ್ಕೆ ಹಾಕಿ ಮಲಗಿಬಿಡುತ್ತಿದ್ದರು. ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ ಮುದುಕರು ಯಾರ ಮನೆಗೆ ಬಂದಿರಿ ಎಂದು ವಿಚಾರಿಸಿ, ಮತ್ತೆ ಬಲೆಗೆ ತಲೆ ಬಗ್ಗಿಸುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ. ಅವ್ವ ಎರಡು ದಿನ ಅಕ್ಕ ಮಾಡಿದ ಪುನರ್ಪುಳಿ ಶರಬತ್ತು ಕುಡಿಯುತ್ತಾ, ಕಟ್ಟೆಯ ಮೇಲೆ ಕೂತು ಕಡಲು ನೋಡಿದರು. ಅವರು ಕೆಲಸವಿಲ್ಲದೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೂರನೆಯ ದಿನ ಬೆಳಿಗ್ಗೆ ಚೊಂಬು ಹಿಡಿದು ಮೆಟ್ಟಿಲಿಳಿದರು. ಮರಳಿನ ಮೇಲೆ ನಿಂತು ಆಗ ಹೇಳಿದರು. ಯಜಮಾನರ ಅಸ್ಥಿ ಬಿಟ್ಟದ್ದು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ. ಅಲ್ಲಿ ಕಾವೇರಿ ಹೊತ್ತು ಮುಳುಗುವ ಕಡೆಗೆ ಹರಿಯುವುದನ್ನು ಅವ್ವ ಕಣ್ಣಾರೆ ಕಂಡಿದ್ದರು. ಅಂದಮೇಲೆ ಯಜಮಾನರು ಬಂದು ಸೇರಿದ್ದು ಈ ಪಡುವಣ ಕಡಲನ್ನೇ. ಅವತ್ತು ಕೊಡದ ನೀರನ್ನು ಇವತ್ತು ಕೊಡಬೇಕು.

ಅಲ್ಲಿ ಒಂದಿಷ್ಟು ದೂರ ಪಶ್ಚಿಮಕ್ಕೆ ಹರಿದ ಕಾವೇರಿ ಮತ್ತೆ ತಿರುಗಿ ಮೂಡಣ ಕಡಲನ್ನು ಸೇರುತ್ತಾಳೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದವಳು ನಾನು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು, ಮಗುವಿಗೆ ಕುಡಿಸುವ ಹಾಗೆ ನಿಧಾನವಾಗಿ ಚೊಂಬು ಬಗ್ಗಿಸಿದರು.

"ಕುಡೀರಿ. ಬ್ಯಾಡ ಅನ್ನೋರು ಯಾರೂ ಇಲ್ಲ ಇಲ್ಲಿ," ಅಂದರು.

ನಾನು ತುಟಿ ಬಿಚ್ಚಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ನನ್ನ ಹೆಗಲಿಗೊರಗಿ ಗಾಢವಾಗಿ ನಿದ್ದೆ ಮಾಡಿದರು.

ಮರುವರ್ಷ ಒಂದು ಸಂಜೆ ನನ್ನ ಕೋಣೆಯ ಗೋಡೆಯಲ್ಲಿದ್ದ ನಕಾಶೆ ನೋಡಿ, ಕಾವೇರಿ ಯಾವುದು ಎಂದು ಕೇಳಿದರು. ಮೇಷ್ಟರ ಚಪಲ ನೋಡಿ, ಥಟ್ಟನೆ ತೋರಿಸಿಬಿಟ್ಟೆ. ಅವ್ವನ ಬೆರಳು ಗೆರೆ ಹಿಡಿದು ಹೊರಟು, ಇನ್ನೊಂದು ಕಡಲಿಗೆ ಹೋಗಿ ನಿಂತಿತು.

"ನಿಂಗೆ ಆವತ್ತೇ ಗೊತ್ತಿತ್ತಾ, ಮಗಾ?"

ಗೊತ್ತಿತ್ತು ಅಂದೆ. ಬಯ್ಯುತ್ತಾರೋ, ಅಳುತ್ತಾರೋ ಎಂದು ಅವರ ಮುಖವನ್ನೇ ನೋಡಿದೆ. ಅವ್ವ ಅದೇ ಗೆರೆಯ ಮೇಲೆ ಬೆರಳನ್ನು ಮತ್ತೆ ಹಿಂದಕ್ಕೆ ತಂದರು.

"ಯೋಳ್ದೆ ಇದ್ದುದ್ದೇ ಒಳ್ಳೇದಾಯ್ತು ಬುಡು. ಬಾಯಾರ್ದೋರು ನೀರಿರೋ ತಾವ್ಕೆ ಸುತ್ಕೊಂಡಾದ್ರೂ ಬತ್ತಾರೆ."

ಹಾಗಂದು ಎಮ್ಮೆ ಕರೆಯಲು ಹೋದರು. ಆಮೇಲೂ ಸಾವಿರ ತಪ್ಪು ತಿದ್ದಿದ್ದೇನೆ, ಅದು ನನ್ನ ಕೆಲಸ. ಆದರೆ ತಿದ್ದುವ ಮೊದಲು ಎದುರಿಗಿರುವವರ ಮುಖ ನೋಡಲು ಕಲಿತದ್ದು ಆ ಕಡಲ ದಂಡೆಯಲ್ಲಿ. ಅವ್ವನ ಆ ಋಣ ದೊಡ್ಡದು.

ಮುಂದೆ ನನಗೆ ನಾಗಮಂಗಲಕ್ಕೆ ವರ್ಗವಾಯಿತು. ಬರುತ್ತೇನೆ, ಬರುತ್ತೇನೆ ಎನ್ನುತ್ತಲೇ ಹೋಗುವುದು ಕಡಿಮೆಯಾಯಿತು. ಅವ್ವ ಹೋದ ಸುದ್ದಿ ನನಗೆ ತಲುಪಿದ್ದು ತಿಥಿಯೂ ಮುಗಿದ ಮೇಲೆ. ಓಡಿಹೋದೆ. ಬಾಯಿಗೆ ನೀರು ಬಿಡುವಾಗ ಎಲ್ಲರೂ ಸುತ್ತ ಇದ್ದೆವು, ನೆಮ್ಮದಿಯಾಗಿ ಹೋದರು ಎಂದು ಮಗಳು ನನ್ನ ಕೈ ಹಿಡಿದು ಹೇಳಿದಳು. ಅವ್ವನಿಗೆ ನೀರು ಸಿಕ್ಕಿತಲ್ಲ ಎಂದು ಇವತ್ತಿಗೂ ಮನಸ್ಸು ತಂಪಾಗುತ್ತದೆ. ಆ ನೀರಿನಲ್ಲಿ ಒಂದು ಹನಿಯನ್ನಾದರೂ ನಾನು ಬಿಡಬೇಕಿತ್ತು... ಬಿಡಲಿಲ್ಲ.