ಯಾರ ಕಣ್ಣಿಗೂ ಬೀಳದ ಮೆಟ್ಟಿಲಕ್ಕ

"ಹನ್ನೊಂದು ವರ್ಷ. ಹನ್ನೊಂದು ವರ್ಷಕ್ಕೆ ನಿನ್ನ ಗುರುತು ಇರೋರು ಒಬ್ಬರೇ ಒಬ್ಬರಾ? ಬಾಯಲ್ಲಿ ಏನು ನೀರು ತುಂಬ್ಕೊಂಡು ಓಡಾಡ್ತಿದ್ಯಾ?"

"ಮೆಲ್ಲಗೆ ಮಾತಾಡಿ. ಜನ ಮಲಗಿದಾರೆ."

"ಎದ್ದೇಳ್ಲಿ. ಎದ್ದು ಬಂದು ನಿನ್ನ ಮುಖ ನೋಡ್ಲಿ. ಅದಕ್ಕೇ ನಾನು ನಿನ್ನ ಜೊತೆ ಬಂದಿರೋದು."

"ಹೀಗೆ ಸದ್ದು ಮಾಡಿದ್ರೆ ನನ್ನ ಕೆಲಸ ಹೋಗುತ್ತೆ ಅಷ್ಟೆ."

"ಅರ್ಜಿಗೆ ಇವತ್ತೇ ಕಡೇ ದಿನ, ಮಧ್ಯಾಹ್ನ ಒಂದು ಗಂಟೆಗೆ ಆಫೀಸು ಬಾಗಿಲು ಹಾಕುತ್ತೆ. ಆಮೇಲೆ ನೀನೇ ಈ ದೇಶದಲ್ಲಿರಲ್ಲ, ಕೆಲಸ ಎಲ್ಲಿರುತ್ತೆ ಹೇಳು."

ಬೆಳಗಿನ ಐದು ಗಂಟೆ. ಆರು ಅಂತಸ್ತಿನ ಕಟ್ಟಡದ ಮೆಟ್ಟಿಲ ಮೇಲೆ ಗಂಡ ಹೆಂಡತಿ ಜಗಳವಾಡುತ್ತಿದ್ದಾರೆ. ಜಗಳವೆಲ್ಲ ಪಿಸುಮಾತಿನಲ್ಲೇ. ಹಲ್ಲು ಕಚ್ಚಿ ಆಡಿದ ಪಿಸುಮಾತು ಕೂಗಿದ್ದಕ್ಕಿಂತ ಹೆಚ್ಚು ಚುಚ್ಚುತ್ತದೆ. ಗಂಡ ಕೈಯಲ್ಲಿದ್ದ ಅರ್ಜಿಯನ್ನು ಮೆಟ್ಟಿಲ ಮೇಲಿಟ್ಟು, "ತಟ್ಟು ಯಾವುದಾದರೂ ಬಾಗಿಲು. ತಟ್ಟಿದ್ರೆ ಕೈ ಸವೆಯಲ್ಲ," ಎಂದು ಇಳಿದು ಹೋಗುತ್ತಾನೆ. ಅವನಿಗೂ ಹೊತ್ತಾಗಿದೆ. ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಇಳಿಸುವ ಕೆಲಸ ಅವನದು. ಆಕೆ ಅರ್ಜಿಯನ್ನು ಮಡಚಿ ರವಿಕೆಯೊಳಗೆ ಸೇರಿಸಿ, ಬಕೆಟ್ಟು ಎತ್ತಿಕೊಂಡು ಆರನೆಯ ಅಂತಸ್ತಿಗೆ ಹತ್ತುತ್ತಾಳೆ.

ನಮ್ಮ ಭಾಷೆಯ ಮಂದಿ ಈ ಊರಲ್ಲಿ ಬೆರಳೆಣಿಕೆಯಷ್ಟು. ಅವರೆಲ್ಲ ಆಕೆಯನ್ನು ಕರೆಯುವುದು ಮೆಟ್ಟಿಲಕ್ಕ ಎಂದೇ. ದಿನಕ್ಕೆ ಮೂರು ಕಟ್ಟಡ, ಒಂದೊಂದಕ್ಕೆ ನೂರ ಹದಿನಾಲ್ಕು ಮೆಟ್ಟಿಲು. ಎಲ್ಲಕ್ಕಿಂತ ಹಳೆಯ ನಂಟು ಈ ಕಟ್ಟಡದ್ದು, ಇಲ್ಲಿಗೆ ಬರುತ್ತಿರುವುದು ಈ ದೇಶಕ್ಕೆ ಬಂದ ವರ್ಷದಿಂದ. ಮೇಲಿನಿಂದ ಶುರು ಮಾಡಿ ಹಿಮ್ಮುಖವಾಗಿ ಇಳಿಯುತ್ತ ಒರೆಸುತ್ತಾಳೆ. ಒರೆಸಿದ ಮೆಟ್ಟಿಲ ಮೇಲೆ ತನ್ನದೇ ಹೆಜ್ಜೆ ಮೂಡಬಾರದು. ನೀರು ಹಿಂಡುವ ಸದ್ದು ಕೇಳಬಾರದೆಂದು ಬಟ್ಟೆಯನ್ನು ಬಕೆಟ್ಟಿನ ನೀರೊಳಗೇ ಮುಳುಗಿಸಿ ಹಿಂಡುತ್ತಾಳೆ, ಉಳಿದ ತೇವವನ್ನು ಒಣ ಬಟ್ಟೆಗೆ ಕುಡಿಸುತ್ತಾಳೆ. ಏಳು ಗಂಟೆಗೆ ಮೊದಲ ಬಾಗಿಲು ತೆರೆಯುವ ಹೊತ್ತಿಗೆ ಮೆಟ್ಟಿಲು ಒಣಗಿರುತ್ತದೆ, ಆಕೆ ಇರುವುದಿಲ್ಲ.

ಈ ಇಲ್ಲದಿರುವ ವಿದ್ಯೆಯೇ ಇವತ್ತು ಆಕೆಯ ಕುತ್ತಿಗೆಗೆ ಬಂದಿದೆ.

ಮೊದಲ ದಿನ ಮೇಸ್ತ್ರಿ ಹೇಳಿದ್ದು ಒಂದೇ ಮಾತು: ಜನರ ಓಡಾಟಕ್ಕೆ ಅಡ್ಡ ಬರಬೇಡ. ಭಾಷೆ ಅರ್ಧಂಬರ್ಧ ತಿಳಿಯುತ್ತಿದ್ದ ಕಾಲ. ಯಾರ ಕಣ್ಣಿಗೂ ಬೀಳಬಾರದು ಎಂದು ಆಕೆ ಮನಸ್ಸಿನಲ್ಲಿ ಬರೆದುಕೊಂಡಳು. ಅಂದಿನಿಂದ ಬಾಗಿಲ ಚಿಲಕ ಅಲುಗಿದರೆ ಸಾಕು, ವಿದ್ಯುತ್ ಮೀಟರುಗಳ ಗೂಡಿನೊಳಗೆ ಸೇರಿಕೊಂಡು ಉಸಿರು ಬಿಗಿಹಿಡಿಯುತ್ತಾಳೆ. "ಒಂದ್ಸಲ ಕೆಮ್ಮು ಬಂತು. ಸೆರಗು ಬಾಯಿಗೆ ತುರುಕ್ಕೊಂಡು ನಿಂತೆ. ಕಣ್ಣಲ್ಲಿ ನೀರು ಇಳೀತು, ಸದ್ದು ಮಾತ್ರ ಬರಲಿಲ್ಲ," ಎಂದು ಹೇಳುವಾಗ ಆಕೆಯ ಮುಖದಲ್ಲಿ ಹೆಮ್ಮೆಯೇ ಇದೆ. ಹೀಗೆ ಬಚ್ಚಿಟ್ಟುಕೊಳ್ಳಬೇಡ ತಾಯಿ ಎಂದು ಹೇಳಲು ಹನ್ನೊಂದು ವರ್ಷದಲ್ಲಿ ಒಬ್ಬನಿಗೂ ನಾಲಿಗೆ ಏಳಲಿಲ್ಲವೇ? ಬಂದುಹೋದ ಮೇಸ್ತ್ರಿಗಳೇ ಏಳು ಮಂದಿ.

ಈಗ ಕಾನೂನಿನ ಮಾತು. ಇಲ್ಲಿ ಕಾಯಮ್ಮಾಗಿ ನೆಲೆಸಬೇಕಾದರೆ ಈ ನೆಲದವರೇ ಆದ ಇಬ್ಬರು, ‘ಈಕೆಯನ್ನು ಐದು ವರ್ಷದಿಂದ ಖುದ್ದಾಗಿ ಬಲ್ಲೆ’ ಎಂದು ಸಹಿ ಹಾಕಬೇಕು. ಸುಳ್ಳು ಸಹಿಗೆ ಜೈಲು. ಒಂದು ಮನೆಯ ಇಬ್ಬರಿಗೆ ಒಬ್ಬರೇ ಹಾಕುವಂತಿಲ್ಲ. ಗಂಡನಿಗೆ ಈ ಸಹಿಗಳು ಅರ್ಧ ದಿನದಲ್ಲಿ ಸಿಕ್ಕಿವೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವುದು ಸುಳ್ಳಲ್ಲ. ಮಾರುಕಟ್ಟೆಯಲ್ಲಿ ಅವನು ಜಗಳವಾಡದ ಮನುಷ್ಯನಿಲ್ಲ. ಬಂದ ವರ್ಷ ಮೂಟೆ ತೂಗುವ ಯಾವನ ಕೊರಳಪಟ್ಟಿ ಹಿಡಿದಿದ್ದನೋ ಅವನೇ ಮೊದಲ ಸಹಿ ಹಾಕಿದವನು. "ಇವನನ್ನ ನಾನು ಬಲ್ಲೆನಾ? ನನ್ನ ಎರಡು ಗುಂಡಿ ಇನ್ನೂ ಇವನ ಹತ್ತಿರಾನೇ ಇವೆ," ಎಂದನಂತೆ. ಹದಿನೈದು ವರ್ಷದ ಮಗಳ ಕಾಗದ ಅಪ್ಪನ ಕಾಗದದ ಜೊತೆಗೇ ಆಯಿತು. ಮೆಟ್ಟಿಲಕ್ಕನಿಗೆ ಸಿಕ್ಕಿರುವುದು ಒಂದು ಸಹಿ. ಬಕೆಟ್ಟು, ಒರೆಸುವ ಬಟ್ಟೆ ಮಾರುವ ಅಂಗಡಿಯಾಕೆಯದು. ಇನ್ನೊಂದು ಸಿಗದಿದ್ದರೆ ಆಕೆ ಒಬ್ಬಳೇ ದೇಶ ಬಿಡಬೇಕು. ಹೊರಗಿದ್ದುಕೊಂಡು ಮತ್ತೆ ಅರ್ಜಿ ಹಾಕಿದರೆ ನಾಲ್ಕು ವರ್ಷವೋ ಐದು ವರ್ಷವೋ, ಹೇಳುವವರಿಲ್ಲ. ಅಷ್ಟರಲ್ಲಿ ಮಗಳಿಗೆ ಇಪ್ಪತ್ತರ ಹತ್ತಿರವಾಗಿರುತ್ತದೆ.

"ಮಗಳು ಏನೂ ಅನ್ನಲ್ಲ," ಎನ್ನುತ್ತಾಳೆ. "ಸುಮ್ಮನೆ ನನ್ನ ಹಿಂದೆ ಹಿಂದೆ ಓಡಾಡ್ತಾಳೆ. ನಾನು ಸಾರಿಗೆ ಒಗ್ಗರಣೆ ಹಾಕೋದನ್ನ ನೋಡ್ತಾ ನಿಲ್ತಾಳೆ. ಕಲ್ತ್ಕೊಳ್ತಿದಾಳೆ ಅಂತ ಕಾಣುತ್ತೆ."

ಏಳು ಗಂಟೆಯಾಗುತ್ತದೆ. ಇವತ್ತು ಆಕೆ ಗೂಡಿಗೆ ಹೋಗುವುದಿಲ್ಲ. ಕೆಳಗಿನ ಬಾಗಿಲ ಬಳಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಹೊರಗಿನ ಮಳೆ ಬಾಗಿಲೊಳಗಿನ ನೆಲದ ಮೇಲೂ ಎರಚಲು ಹೊಡೆಯುತ್ತಿದೆ. ಮೊದಲು ಇಳಿದು ಬಂದಾತ ಯಾರನ್ನು ಹುಡುಕುತ್ತಿದ್ದೀರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೊಡೆ ಬಿಚ್ಚಿಕೊಂಡು ಹೋಗುತ್ತಾನೆ. ಎರಡನೆಯ ಅಂತಸ್ತಿನ ಹೆಂಗಸು ಬಕೆಟ್ಟು ಕಂಡು ನಿಲ್ಲುತ್ತಾಳೆ.

"ಹೊಸಬರಾ? ಮೊದಲಿನವರಿಗೆ ಏನಾಯ್ತು? ತುಂಬಾ ಒಳ್ಳೆಯವರು. ಇದ್ದದ್ದೇ ಗೊತ್ತಾಗ್ತಿರಲಿಲ್ಲ."

"ಅವಳೇ ನಾನು."

"ಅಯ್ಯೋ, ತಮಾಷೆ ಮಾಡ್ತೀರಿ," ಎಂದು ಆ ಹೆಂಗಸು ನಕ್ಕು ಹೊರಡುತ್ತಾಳೆ. ಮೆಟ್ಟಿಲಕ್ಕನ ಕೈ ರವಿಕೆಯೊಳಗಿನ ಅರ್ಜಿಯ ತನಕ ಹೋಗಿ ವಾಪಸ್ಸು ಬರುತ್ತದೆ.

ಆಕೆಯ ಭಾಷೆಯದೂ ಒಂದು ಕಥೆ. ಕಲಿಸಿದವರು ಯಾರೂ ಇಲ್ಲ, ಮೆಟ್ಟಿಲ ಗೋಡೆಗೆ ಅಂಟಿಸಿದ ಸೂಚನೆಗಳನ್ನು ಓದಿ ಓದಿ ಬಂದದ್ದು. ಹಾಗಾಗಿ ಬಾಯಿ ತೆರೆದರೆ ಪ್ರಕಟಣೆಯೇ ಹೊರಡುತ್ತದೆ. ಮೂರನೆಯ ಅಂತಸ್ತಿನ ಮುದುಕರೊಬ್ಬರು ಊರುಗೋಲು ಹಿಡಿದು ಇಳಿದು ಬಂದಾಗ, "ದಯವಿಟ್ಟು ಗಮನಿಸಿ. ನಿವಾಸಿಗಳ ಸಹಿ ಅಗತ್ಯವಿದೆ," ಎನ್ನುತ್ತಾಳೆ. ಮುದುಕರು ಒಳ್ಳೆಯವರೇ. ನಿಲ್ಲುತ್ತಾರೆ. ಅರ್ಜಿಯನ್ನು ಕೈ ದೂರ ಚಾಚಿ ಹಿಡಿದು ದಪ್ಪಕ್ಷರದ ಸಾಲನ್ನು ಎರಡು ಸಲ ಓದುತ್ತಾರೆ.

"ಐದು ವರ್ಷದಿಂದ ಬಲ್ಲೆ ಅಂತ ಇದೆಯಲ್ಲಮ್ಮ. ನಾನು ನಿಮ್ಮನ್ನ ನೋಡ್ತಿರೋದೇ ಈಗ."

"ನಾನು ನಿಮ್ಮನ್ನು ಬಲ್ಲೆ," ಎನ್ನುತ್ತಾಳೆ. ಪ್ರಕಟಣೆಯ ಭಾಷೆ ಅಲ್ಲಿಗೆ ಮುಗಿಯುತ್ತದೆ. ಮುಂದಿನದು ತಡವರಿಸಿಕೊಂಡು, ಸಿಕ್ಕ ಮಾತನ್ನು ಹೆಕ್ಕಿಕೊಂಡು ಬರುತ್ತದೆ. "ನಿಮ್ಮ ಎಡಗಾಲಿನ ಬೂಟು ಹೊರಗಡೆ ಸವೆಯುತ್ತೆ. ಹೋದ ಚಳಿಗಾಲ ಕೋಲು ಬಂತು. ಅದಕ್ಕೇ ನಿಮ್ಮ ಮೂರು ಅಂತಸ್ತಿನ ಮೆಟ್ಟಿಲ ಪಕ್ಕದ ಹಿಡಿಕಂಬಿ ನಾನು ಎರಡು ಸಲ ಒಣಗಿಸ್ತೀನಿ, ಜಾರಬಾರದು ಅಂತ. ಮೊದಲು ಬಾಗಿಲ ಹೊರಗೆ ಎರಡು ಜೊತೆ ಬೂಟು ಇರ್ತಿತ್ತು. ನಿಮ್ಮದು, ಕಂದು ಬಣ್ಣದ್ದೊಂದು ಸಣ್ಣದು. ಎರಡು ವರ್ಷದ ಹಿಂದೆ ಆ ಸಣ್ಣ ಜೊತೆ ಆರು ವಾರ ಕದಲಲೇ ಇಲ್ಲ. ದಿನಾ ಅದರ ಧೂಳು ಒರೆಸಿ ಇಟ್ಟೆ. ಒಂದಿನ ನೋಡ್ತೀನಿ, ಇರಲಿಲ್ಲ. ಆವತ್ತು ನಾನು ನಿಮ್ಮ ಬಾಗಿಲ ಮುಂದೆ ಕೂತ್ಕೊಂಡಿದ್ದೆ, ಸ್ವಲ್ಪ ಹೊತ್ತು."

ಹನ್ನೊಂದು ವರ್ಷದಲ್ಲಿ ಆಕೆ ಈ ಭಾಷೆಯಲ್ಲಿ ಒಮ್ಮೆಗೆ ಇಷ್ಟು ಮಾತಾಡಿರುವುದು ಇದೇ ಮೊದಲು. ಅದೇ ಎಡವಟ್ಟಾಗುತ್ತದೆ. ಮುದುಕರ ಮುಖ ಮೊದಲು ಸಡಿಲಾಗಿ, ಆಮೇಲೆ ಬಿಗಿಯುತ್ತದೆ. ಕೈ ಕೋಟಿನ ಗುಂಡಿಗೆ ಹೋಗುತ್ತದೆ. ತಿಳಿಯದವರೊಬ್ಬರು ಬಾಗಿಲಾಚೆ ಇಷ್ಟು ವರ್ಷ ತನ್ನ ಮನೆಯ ಸಾವು ನೋವನ್ನೆಲ್ಲ ನೋಡುತ್ತಿದ್ದರು ಎಂದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ.

"ನಮ್ಮ ಬಾಗಿಲ ಮುಂದೆ?" ಎನ್ನುತ್ತಾರೆ. "ಇದೆಲ್ಲ ನೋಡ್ಕೊಂಡು... ನಮಗೆ ಗೊತ್ತೇ ಇಲ್ಲ."

"ಗೊತ್ತಾಗಬಾರದು ಅಂತ ತಾನೇ."

ಮುದುಕರು ಅರ್ಜಿಯನ್ನು ಮೊದಲಿದ್ದಂತೆಯೇ ಮಡಚಿ ಆಕೆಯ ಕೈಗೇ ಇಡುತ್ತಾರೆ. "ಕನ್ನಡಕ ಮೇಲಿದೆ. ಸಣ್ಣ ಅಕ್ಷರ ಓದದೆ ಹೇಗೆ ಹಾಕಲಿ? ತಗೊಂಡು ಬರ್ತೀನಿ," ಎಂದು ತಿರುಗಿ ಹತ್ತುತ್ತಾರೆ. ಹೊರಗೆ ಹೋಗಲೆಂದು ಬಂದವರು ಹೊರಗೂ ಹೋಗುವುದಿಲ್ಲ. ಮೂರನೆಯ ಅಂತಸ್ತಿನ ಬಾಗಿಲು ತೆರೆದು ಮುಚ್ಚಿದ್ದು ಕೇಳುತ್ತದೆ. ಚಿಲಕ ತಿರುಗುತ್ತದೆ. ಇನ್ನೊಂದು ಸುತ್ತೂ ತಿರುಗುತ್ತದೆ.

ಎಂಟು, ಒಂಬತ್ತು, ಹತ್ತೂವರೆ. ಉಳಿದೆರಡು ಕಟ್ಟಡಗಳ ಮೆಟ್ಟಿಲು ಇವತ್ತು ಹಾಗೇ ಉಳಿದಿವೆ. ಹೋಗಿ ಬಾಗಿಲು ತಟ್ಟಬಾರದೇ ಎಂದು ಕೇಳಿದರೆ ಆಕೆಗೆ ಸಿಟ್ಟೇ ಬರುತ್ತದೆ.

"ಬರ್ತೀನಿ ಅಂತ ಹೇಳಿ ಹೋಗಿದಾರೆ. ವಯಸ್ಸಾದವರು. ಕನ್ನಡಕ ಎಲ್ಲೋ ಇಟ್ಟು ಮರ್ತಿರ್ತಾರೆ, ಹುಡುಕಬೇಕಲ್ಲ. ನಾವು ಅವಸರ ಮಾಡಬಾರದು."

ಒರೆಸಿದ ಮೆಟ್ಟಿಲ ಮೇಲೆ ಹಸಿ ಬೂಟಿನ ಗುರುತುಗಳು ಸಾಲಾಗಿ ಮೇಲಕ್ಕೆ ಹೋಗಿವೆ. ಎಡಗಾಲಿನದು ಹೊರಗಡೆ ಹೆಚ್ಚು ಒತ್ತಿದೆ. ಕೆಳಕ್ಕೆ ಬಂದ ಗುರುತು ಒಂದೂ ಇಲ್ಲ. ಒಂದು ಗಂಟೆಗೆ ಅವೂ ಒಣಗುತ್ತವೆ.